ಲೋಹದ ಕಿರುಚಾಟಕ್ಕೆ ಕಿವಿಗೊಟ್ಟವರು

ವರ್ಕ್‌ಶಾಪಿನ ಒಂದೇ ಒಂದು ತಂಟೆಯ ಬೆನ್ನು ಹತ್ತಿ ಮೂರು ತಲೆಮಾರಿನ ಪ್ರಾಧ್ಯಾಪಕರು ಬದುಕು ಸವೆಸಿದರು. ತಯಾರಿಕಾ ಸಂಶೋಧನೆಯನ್ನು ವೃತ್ತಿಯಾಗಿ ಆರಿಸಿಕೊಳ್ಳುವ ನಮ್ಮ ಹುಡುಗ ಹುಡುಗಿಯರಿಗೆ ಅವರ ಕಥೆಯಲ್ಲಿ ಪಾಠವಿದೆ. ಅವರಿಗೆ ಕೆಲಸ ಕೊಡುವ ಸಂಸ್ಥೆಗಳಿಗೆ ಇನ್ನೂ ದೊಡ್ಡ ಪಾಠವಿದೆ.

ಲೇತಿಗೆ ಜಾಬ್ ಕಟ್ಟಿ, ಟೂಲ್ ಹಚ್ಚಿ, ಕಟ್ ಕೊಟ್ಟ ಕೂಡಲೇ ಕೆಲವೊಮ್ಮೆ ಯಂತ್ರ ಕಿರುಚಲು ಶುರುಮಾಡುತ್ತದೆ. ಹಲ್ಲು ಜುಮ್ಮೆನ್ನಿಸುವ ಸದ್ದು. ಜಾಬ್ ಬಿಚ್ಚಿ ಬೆಳಕಿಗೆ ಹಿಡಿದರೆ ಮೈಮೇಲೆಲ್ಲ ಸಣ್ಣ ಸಣ್ಣ ಅಲೆಗಳು; ಬೆರಳಾಡಿಸಿದರೆ ತರಿತರಿ. ಪೀಣ್ಯದ ಟರ್ನರುಗಳು ಇದನ್ನು ಚಾಟರ್ ಎನ್ನುತ್ತಾರೆ. ಚಾಟರ್ ಬಿದ್ದ ಜಾಬ್ ರಿಜೆಕ್ಟ್ ಆಗುತ್ತದೆ, ಇನ್ಸರ್ಟಿನ ಅಂಚು ಚಕ್ಕೆ ಏಳುತ್ತದೆ, ಸ್ಪಿಂಡಲಿನ ಬೇರಿಂಗ್ ಹಾಳಾಗುತ್ತದೆ. ಪಳಗಿದ ಟರ್ನರ್ ಸ್ಪೀಡ್ ಇಳಿಸುತ್ತಾನೆ, ಕಟ್ ಕಡಿಮೆ ಮಾಡುತ್ತಾನೆ, ಟೂಲನ್ನು ಹೋಲ್ಡರಿನೊಳಕ್ಕೆ ಸರಿಸಿ ಗಿಡ್ಡವಾಗಿ ಕಟ್ಟುತ್ತಾನೆ. ಸದ್ದು ನಿಲ್ಲುತ್ತದೆ. ಆದರೆ ಬೇಗ ಮುಗಿಯಬೇಕಿದ್ದ ಕೆಲಸ ಎಳೆಯುತ್ತದೆ, ಮಾಲೀಕನ ಲೆಕ್ಕ ತಪ್ಪುತ್ತದೆ.

ಈ ಸದ್ದು ಏಕೆ ಹುಟ್ಟುತ್ತದೆ, ಅದನ್ನು ತಡೆಯುವುದು ಹೇಗೆ ಎಂಬ ಪ್ರಶ್ನೆಗೆ ಪ್ರಾಗ್, ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ವ್ಯಾಂಕೂವರ್, ಬುಡಾಪೆಸ್ಟ್‌ಗಳಲ್ಲಿ ಕುಳಿತ ಪ್ರಾಧ್ಯಾಪಕರು ತಮ್ಮ ದುಡಿಮೆಯ ಬಹುಪಾಲು ವರ್ಷಗಳನ್ನು ಕೊಟ್ಟಿದ್ದಾರೆ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ತಯಾರಿಕಾ ಸಂಶೋಧನೆಯಲ್ಲಿ ಪ್ರಾಧ್ಯಾಪಕರಾಗುವುದು ಎಂದರೇನು ಎಂದು ಕೇಳುವವರಿಗೆ ಈ ಒಂದು ಸದ್ದಿನ ಕಥೆಯನ್ನೇ ಹೇಳಬೇಕು ಎನ್ನಿಸುತ್ತದೆ. ಏಕೆಂದರೆ ಈ ಕ್ಷೇತ್ರದ ಒಳ್ಳೆಯ ಪ್ರಶ್ನೆಗಳು ಹುಟ್ಟುವುದು ಶಾಪ್‌ಫ್ಲೋರಿನಲ್ಲಿ. ಅವನ್ನು ಬಿಡಿಸುವುದು ಕಪ್ಪುಹಲಗೆಯ ಮೇಲೆ. ಮತ್ತೆ ಶಾಪ್‌ಫ್ಲೋರಿಗೆ ಮರಳಿ ಅಲ್ಲಿ ಕೆಲಸಕ್ಕೆ ಬಂದ ಮೇಲೆಯೇ ಅವಕ್ಕೆ ಉತ್ತರ ಸಿಕ್ಕಿತು ಎನ್ನಬಹುದು. ಈ ಹೋಗಿಬರುವ ದಾರಿ ತೆರೆದಿದ್ದ ಕಡೆ ದೊಡ್ಡ ಸಂಶೋಧಕರು ಬೆಳೆದರು. ಅದು ಮುಚ್ಚಿದ ಕಡೆ ಪ್ರತಿಭೆಯುಳ್ಳವರೂ ಬಾಡಿಹೋದರು.

ಟೇಲರ್ ಬಿಚ್ಚದೆ ಬಿಟ್ಟ ಗಂಟು

ಲೋಹ ಕತ್ತರಿಸುವ ಕೆಲಸವನ್ನು ವಿಜ್ಞಾನವೆಂದು ಹಿಡಿದವರಲ್ಲಿ ಮೊದಲ ಸಾಲಿನ ಹೆಸರು ಅಮೆರಿಕದ ಫ್ರೆಡರಿಕ್ ಟೇಲರ್ ಅವರದು. ಅವರು ಪ್ರಾಧ್ಯಾಪಕರಲ್ಲ, ಕಾರ್ಖಾನೆಯಲ್ಲಿ ಬೆಳೆದ ಇಂಜಿನಿಯರ್. ಫಿಲಡೆಲ್ಫಿಯಾದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ 1880ರಲ್ಲಿ ಅವರು ಹಿಡಿದ ಪ್ರಶ್ನೆ ಸರಳವಾಗಿತ್ತು: ಯಾವ ಟೂಲ್ ಹಾಕಬೇಕು, ಎಷ್ಟು ಸ್ಪೀಡ್ ಇಡಬೇಕು, ಎಷ್ಟು ಫೀಡ್ ಕೊಡಬೇಕು? ಉತ್ತರಕ್ಕಾಗಿ 26 ವರ್ಷ ದುಡಿದರು. ದಾಖಲಾದ ಪ್ರಯೋಗಗಳೇ 30 ಸಾವಿರದಿಂದ 50 ಸಾವಿರ. ಅವುಗಳಲ್ಲಿ ಚಿಪ್ಸ್ ಆಗಿ ಹೋದ ಉಕ್ಕು ಮತ್ತು ಕಬ್ಬಿಣ 8 ಲಕ್ಷ ಪೌಂಡಿಗೂ ಹೆಚ್ಚು.

ಈ ದುಡಿಮೆಗೆ ಫಲ ಸಿಕ್ಕಿತು. ಬೆತ್ಲೆಹೆಮ್ ಸ್ಟೀಲ್ ಕಾರ್ಖಾನೆಯಲ್ಲಿ ಮೌನ್ಸೆಲ್ ವೈಟ್ ಜೊತೆ ಸೇರಿ ಟೇಲರ್ ಹೈಸ್ಪೀಡ್ ಸ್ಟೀಲ್ ಟೂಲುಗಳನ್ನು ರೂಪಿಸಿದರು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಕೆಂಡದಂತೆ ಕೆಂಪಾದರೂ ಮೊಂಡಾಗದೆ ಉಕ್ಕು ಕತ್ತರಿಸುವ ಆ ಟೂಲ್ ಕಂಡು ಯುರೋಪಿನ ಇಂಜಿನಿಯರುಗಳು ಬೆರಗಾದರು. ಸ್ಪೀಡ್ ಏರಿದಂತೆ ಟೂಲಿನ ಆಯುಷ್ಯ ಎಷ್ಟು ಕುಗ್ಗುತ್ತದೆ ಎಂದು ಹೇಳುವ ಟೇಲರ್ ಸೂತ್ರವನ್ನು ಇಂದಿಗೂ ನಮ್ಮ ಕಾಲೇಜುಗಳಲ್ಲಿ ಪರೀಕ್ಷೆಗೆ ಕೇಳುತ್ತಾರೆ.

1906ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘದ ಅಧ್ಯಕ್ಷರಾಗಿ ಟೇಲರ್ ಈ ಕೆಲಸವನ್ನೆಲ್ಲ ಒಂದು ದೊಡ್ಡ ಪ್ರಬಂಧವಾಗಿ ಸಭೆಯ ಮುಂದಿಟ್ಟರು. ಅದರಲ್ಲಿ ಚಾಟರಿನ ವಿಷಯ ಬಂದಾಗ ಅವರ ಮಾತು ಬದಲಾಗುತ್ತದೆ. ಯಂತ್ರದ ಮುಂದೆ ನಿಂತವನಿಗೆ ಎದುರಾಗುವ ಸಮಸ್ಯೆಗಳಲ್ಲೆಲ್ಲ ಅತ್ಯಂತ ನಿಗೂಢವಾದದ್ದು, ಸೂಕ್ಷ್ಮವಾದದ್ದು ಇದೇ ಎಂದು ಒಪ್ಪಿಕೊಂಡರು. ಇದಕ್ಕೆ ಸೂತ್ರ ಕೊಡಲು ಅವರಿಗೆ ಸಾಧ್ಯವಾಗಲಿಲ್ಲ.

ಇಷ್ಟೊಂದು ಪ್ರಯೋಗ ಮಾಡಿದವರಿಗೆ ಏಕೆ ಸಾಧ್ಯವಾಗಲಿಲ್ಲ? ಪ್ರತಿಯೊಂದು ಯಂತ್ರ, ಪ್ರತಿಯೊಂದು ಟೂಲ್, ಪ್ರತಿಯೊಂದು ಜಾಬ್ ತನ್ನದೇ ರೀತಿಯಲ್ಲಿ ನಡುಗುತ್ತದೆ. ಒಂದು ಲೇತಿನಲ್ಲಿ ಕಂಡ ಅಂಕಿ ಪಕ್ಕದ ಲೇತಿಗೆ ಹೊಂದುವುದಿಲ್ಲ. ಹಾಗಾಗಿ ಎಷ್ಟು ಟನ್ ಉಕ್ಕು ಕತ್ತರಿಸಿದರೂ ಕೋಷ್ಟಕ ಉದ್ದವಾಗುತ್ತಿತ್ತೇ ಹೊರತು ಕಾರಣ ಕಾಣುತ್ತಿರಲಿಲ್ಲ. ಇಲ್ಲಿ ಕಂಪನದ ಗಣಿತ ಬಲ್ಲವರು ಬೇಕಿತ್ತು. ಅಂಥವರು ಯಂತ್ರದ ಬಳಿಯೂ ನಿಂತು ಬಲ್ಲವರಾಗಿರಬೇಕಿತ್ತು. ವಿಶ್ವವಿದ್ಯಾಲಯಗಳಿಗೆ ಈ ಕ್ಷೇತ್ರದಲ್ಲಿ ಕೆಲಸ ಹುಟ್ಟಿದ್ದು ಹೀಗೆ.

ಕಾರ್ಖಾನೆಯಿಂದ ಪೀಠಕ್ಕೆ

ಜರ್ಮನಿ ಇದನ್ನು ಬೇಗ ಅರ್ಥಮಾಡಿಕೊಂಡಿತು. ಬರ್ಲಿನ್ನಿನ ಶಾರ್ಲೊಟೆನ್‌ಬರ್ಗ್ ತಾಂತ್ರಿಕ ಮಹಾವಿದ್ಯಾಲಯ 1904ರಲ್ಲಿ ಯಂತ್ರೋಪಕರಣ ಮತ್ತು ಕಾರ್ಖಾನೆ ನಿರ್ವಹಣೆಗೆಂದೇ ಒಂದು ಪೀಠ ತೆರೆದು, ಗೇಯೊರ್ಗ್ ಶ್ಲೆಸಿಂಗರ್ ಎಂಬ ಮೂವತ್ತರ ಹರೆಯದವರನ್ನು ಕರೆದು ಕೂರಿಸಿತು. ಅವರು ಬಂದದ್ದು ಲುಡ್‌ವಿಗ್ ಲೋವೆ ಎಂಬ ಮಷೀನ್ ಟೂಲ್ ಕಂಪನಿಯ ಡಿಸೈನ್ ವಿಭಾಗದಿಂದ. ಹೊಸ ಯಂತ್ರ ಕೊಂಡವನು ಅದು ನಿಖರವಾಗಿದೆಯೇ ಎಂದು ಪರೀಕ್ಷಿಸುವುದು ಹೇಗೆ? ಸ್ಪಿಂಡಲ್ ಎಷ್ಟು ಓಲಾಡಬಹುದು, ಬೆಡ್ಡು ಎಷ್ಟು ಡೊಂಕಿರಬಹುದು ಎಂಬುದಕ್ಕೆ ಶ್ಲೆಸಿಂಗರ್ ಕೋಷ್ಟಕಗಳನ್ನೇ ಕಟ್ಟಿಕೊಟ್ಟರು. ಲೇತ್ ಅಲೈನ್‌ಮೆಂಟ್ ಟೆಸ್ಟ್ ಎಂದು ನಮ್ಮ ಡಿಪ್ಲೊಮಾ ಹುಡುಗರು ಇಂದು ಡಯಲ್ ಗೇಜ್ ಹಿಡಿದು ಮಾಡುವ ಪರೀಕ್ಷೆಗಳ ಬೇರು ಅಲ್ಲಿದೆ. ಮೊದಲ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗೆ ಮತ್ತೆ ಯಂತ್ರದ ಮುಂದೆ ನಿಂತು ದುಡಿಯಲು ನೆರವಾಗುವ ಕೃತಕ ಅಂಗಗಳ ಪರೀಕ್ಷಾ ಕೇಂದ್ರವನ್ನೂ ಅವರು ನಡೆಸಿದರು.

ಅವರು ಯಹೂದಿ. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ಕೂಡಲೇ ಬೇಹುಗಾರಿಕೆಯ ಆರೋಪ ಹೊರಿಸಿ ಅವರನ್ನು ಬಂಧಿಸಿದರು. ಪೀಠ ಹೋಯಿತು. ದೇಶ ಬಿಟ್ಟು ಸ್ವಿಟ್ಜರ್ಲೆಂಡ್, ಬೆಲ್ಜಿಯಂ ದಾಟಿ ಕೊನೆಗೆ ಇಂಗ್ಲೆಂಡ್ ಸೇರಿದ ಶ್ಲೆಸಿಂಗರ್, ಅಲ್ಲಿ ಉತ್ಪಾದನಾ ಇಂಜಿನಿಯರುಗಳ ಸಂಸ್ಥೆಗೆ ಸಂಶೋಧನಾ ವಿಭಾಗ ಕಟ್ಟಲು ನೆರವಾದರು. 1949ರಲ್ಲಿ ಅಲ್ಲಿಯೇ ತೀರಿಕೊಂಡರು.

ಜರ್ಮನಿಯ ಇನ್ನೊಂದು ಮನೆ ಆಹೆನ್. ಅಡಾಲ್ಫ್ ವಾಲಿಕ್ಸ್ 1906ರಲ್ಲಿ ಅಲ್ಲಿ ಯಂತ್ರೋಪಕರಣ ಪ್ರಯೋಗಾಲಯ ಆರಂಭಿಸಿದರು. ಟೇಲರ್ ಬರಹಗಳನ್ನು ಜರ್ಮನ್ ಭಾಷೆಗೆ ತಂದವರೂ ಅವರೇ. 1936ರಿಂದ 1973ರವರೆಗೆ ಹೆರ್ವಾರ್ಟ್ ಓಪಿಟ್ಸ್ ಅದನ್ನು ಮುನ್ನಡೆಸಿದರು. ಅವರು ನಿವೃತ್ತರಾದಾಗ ಆ ಜಾಗಕ್ಕೆ ನಾಲ್ವರು ಪ್ರಾಧ್ಯಾಪಕರು ಬರಬೇಕಾಯಿತು. ಡಬ್ಲ್ಯುಜೆಡ್‌ಎಲ್ ಎಂಬ ಹೆಸರಿನ ಆ ಪ್ರಯೋಗಾಲಯ ಈಗ ಜಗತ್ತಿನ ದೊಡ್ಡ ತಯಾರಿಕಾ ಸಂಶೋಧನಾ ಕೇಂದ್ರಗಳಲ್ಲೊಂದು.

ಅಲ್ಲಿನ ವೃತ್ತಿಕ್ರಮ ನಾವು ಗಮನಿಸಬೇಕಾದದ್ದು. ಪಿಎಚ್.ಡಿ. ಮಾಡುವವರು ಹೆಚ್ಚಾಗಿ ಪ್ರಯೋಗಾಲಯದ ಸಂಬಳದ ನೌಕರರು. ಕಂಪನಿಗಳು ತರುವ ಸಮಸ್ಯೆಗಳ ಮೇಲೆ ವರ್ಷಗಟ್ಟಲೆ ದುಡಿಯುತ್ತಾ ಅದರ ನಡುವೆಯೇ ತಮ್ಮ ಪ್ರಬಂಧವನ್ನು ಕಟ್ಟಿಕೊಳ್ಳುತ್ತಾರೆ. ಡಾಕ್ಟರೇಟ್ ಮುಗಿದ ಮೇಲೆ ಬಹುಪಾಲು ಜನ ಕಾರ್ಖಾನೆಗಳಿಗೆ ಹೋಗುತ್ತಾರೆ. ಅಲ್ಲಿ ಹಲವು ವರ್ಷ ಹೊಣೆ ಹೊತ್ತು ದುಡಿದವರ ನಡುವಿನಿಂದಲೇ ವಿಶ್ವವಿದ್ಯಾಲಯ ತನ್ನ ಮುಂದಿನ ಪ್ರಾಧ್ಯಾಪಕರನ್ನು ಹುಡುಕುತ್ತದೆ. ಕಾರ್ಖಾನೆಯ ಅನುಭವವಿಲ್ಲದೆ ಇಂಜಿನಿಯರಿಂಗ್ ಪೀಠ ಸಿಗುವುದು ಅಲ್ಲಿ ಕಷ್ಟ. ಶ್ಲೆಸಿಂಗರ್ ಬಂದ ದಾರಿಯನ್ನು ಆ ದೇಶ ಇವತ್ತಿಗೂ ತೆರೆದಿಟ್ಟುಕೊಂಡಿದೆ.

ಪ್ರಾಗ್‌ನಿಂದ ಹೊರಟ ಉತ್ತರ

ಚಾಟರಿನ ಗಂಟು ಬಿಚ್ಚಿದ್ದು 1950ರ ದಶಕದಲ್ಲಿ, ಎರಡು ಊರುಗಳಲ್ಲಿ, ಬೇರೆ ಬೇರೆಯಾಗಿ. ಪ್ರಾಗ್‌ನ ಯಂತ್ರೋಪಕರಣ ಸಂಶೋಧನಾ ಸಂಸ್ಥೆಯಲ್ಲಿದ್ದ ಯಿರಿ ಟ್ಲುಸ್ಟಿ 1954ರಲ್ಲಿ ತಮ್ಮ ಸಹೋದ್ಯೋಗಿ ಶ್ಪಾಚೆಕ್ ಜೊತೆ ಸೇರಿ ಚೆಕ್ ಭಾಷೆಯಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಬರ್ಮಿಂಗ್‌ಹ್ಯಾಮಿನಲ್ಲಿ ಸ್ಟೀಫನ್ ಟೋಬಿಯಾಸ್ 1958ರಲ್ಲಿ ಫಿಷ್‌ವಿಕ್ ಜೊತೆ ತಮ್ಮ ಸಿದ್ಧಾಂತ ಮುಂದಿಟ್ಟರು.

ಅವರು ಕಂಡುಕೊಂಡದ್ದು ಹೀಗಿದೆ. ಟೂಲ್ ಒಮ್ಮೆ ಕೊಂಚ ನಡುಗಿತು ಎನ್ನಿ. ಆ ನಡುಕ ಜಾಬಿನ ಮೇಲೆ ಸಣ್ಣ ಅಲೆಯಾಗಿ ಉಳಿಯುತ್ತದೆ. ಜಾಬ್ ಒಂದು ಸುತ್ತು ತಿರುಗಿ ಬಂದಾಗ ಟೂಲ್ ಅದೇ ಅಲೆಯ ಮೇಲೆ ಹಾಯಬೇಕು. ಉಬ್ಬಿನಲ್ಲಿ ಚಿಪ್ ದಪ್ಪ, ತಗ್ಗಿನಲ್ಲಿ ತೆಳು. ಚಿಪ್ಪಿನ ದಪ್ಪ ಏರಿಳಿದರೆ ಟೂಲಿನ ಮೇಲಿನ ಬಲವೂ ಏರಿಳಿಯುತ್ತದೆ, ಟೂಲ್ ಇನ್ನಷ್ಟು ನಡುಗುತ್ತದೆ, ಇನ್ನೂ ದೊಡ್ಡ ಅಲೆ ಬಿಡುತ್ತದೆ. ನಮ್ಮ ಹಳ್ಳಿಗಳ ಮಣ್ಣುರಸ್ತೆಯ ಮೇಲೆ ಬಸ್ಸು ಲಾರಿ ಓಡಾಡಿ ಅಡ್ಡಡ್ಡ ಏರಿಳಿತಗಳು ಎದ್ದು, ಪ್ರತಿ ಗಾಡಿಯೂ ಅದರ ಮೇಲೆ ಕುಣಿದು ಕುಣಿದು ಅವನ್ನು ಇನ್ನಷ್ಟು ಆಳ ಮಾಡುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನಡುಕ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಹಿಂದಿನ ಸುತ್ತಿನ ನೆನಪು ಈ ಸುತ್ತನ್ನು ಕೆಡಿಸುತ್ತದೆ.

ಇದರಿಂದ ಹೊರಟ ಒಂದು ಫಲ ಟರ್ನರುಗಳ ಅನುಭವಕ್ಕೇ ಎದುರಾಗಿತ್ತು. ಈ ಸುತ್ತಿನ ನಡುಕವೂ ಹಿಂದಿನ ಸುತ್ತಿನ ಅಲೆಯೂ ಹೆಜ್ಜೆ ಕೂಡಿಸಿದರೆ ಚಿಪ್ಪಿನ ದಪ್ಪ ಒಂದೇ ಸಮನಾಗಿ ಇರುತ್ತದೆ, ಚಾಟರ್ ಬೆಳೆಯುವುದಿಲ್ಲ. ಹೆಜ್ಜೆ ಕೂಡುವುದು ಕೆಲವೇ ಸ್ಪೀಡುಗಳಲ್ಲಿ. ಉದಾಹರಣೆಗೆ ನಾಲ್ಕು ಹಲ್ಲಿನ ಮಿಲ್ಲಿಂಗ್ ಕಟರ್ ಇದೆ, ಅದರ ಸಹಜ ಆವರ್ತನ ಸೆಕೆಂಡಿಗೆ 1,000 ಎನ್ನೋಣ. ಆಗ ನಿಮಿಷಕ್ಕೆ 15,000 ಸುತ್ತಿನ ಆಸುಪಾಸಿನಲ್ಲಿ ಹಲ್ಲುಗಳ ಹೊಡೆತ ಮತ್ತು ಕಟರಿನ ನಡುಕ ಜೊತೆಯಾಗುತ್ತವೆ. ಅದರ ಅರ್ಧ 7,500, ಮೂರನೆಯ ಒಂದು ಪಾಲು 5,000 ಸುತ್ತಿನಲ್ಲೂ ಸಣ್ಣ ಸಣ್ಣ ಆಸರೆಗಳಿರುತ್ತವೆ. ಆ ಜಾಗದಲ್ಲಿ ಕಟ್ ಆಳವನ್ನು ಹಲವು ಪಟ್ಟು ಏರಿಸಬಹುದು. ಹಾಗಾದರೆ ಚಾಟರ್ ಬಂದಾಗ ಸ್ಪೀಡ್ ಇಳಿಸುವುದೊಂದೇ ದಾರಿಯಲ್ಲ. ಎಷ್ಟೋ ಸಲ ಏರಿಸಬೇಕು! ಯಾವ ಸ್ಪೀಡಿನಲ್ಲಿ ಎಷ್ಟು ಆಳ ಸುರಕ್ಷಿತ ಎಂದು ತೋರಿಸುವ ಅಲೆಯಂಚಿನ ಆ ನಕ್ಷೆಯನ್ನು ಸ್ಟೆಬಿಲಿಟಿ ಲೋಬ್ ಎನ್ನುತ್ತಾರೆ. 1965ರಲ್ಲಿ ಅದನ್ನು ನಿಯಂತ್ರಣ ಸಿದ್ಧಾಂತದ ಭಾಷೆಯಲ್ಲಿ ಅಚ್ಚುಕಟ್ಟಾಗಿ ಬಿಡಿಸಿ ತೋರಿಸಿದ ಹರ್ಬರ್ಟ್ ಮೆರಿಟ್, ಸಿನ್‌ಸಿನಾಟಿಯ ಮಿಲ್ಲಿಂಗ್ ಮಷೀನ್ ಕಂಪನಿಯ ಇಂಜಿನಿಯರ್ ಆಗಿದ್ದರು.

ಟ್ಲುಸ್ಟಿ ಅವರ ಬದುಕು ಮುಂದೆ ತಿರುವು ಪಡೆಯಿತು. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್ ಹೊಕ್ಕವು. ಐವತ್ತರ ಸಮೀಪದ ವಯಸ್ಸಿನಲ್ಲಿ ಅವರು ದೇಶ, ಭಾಷೆ, ತಾವು ಬೆಳೆಸಿದ ಪ್ರಯೋಗಾಲಯ ಎಲ್ಲವನ್ನೂ ಬಿಟ್ಟು ಹೊರಟರು. ಮ್ಯಾಂಚೆಸ್ಟರಿನಲ್ಲಿ ಅವರಿಗೆ ಜೊತೆಯಾದವರು ಫ್ರಾಂಜ್ ಕೋನಿಗ್ಸ್‌ಬರ್ಗರ್. ಅವರೂ ಜರ್ಮನಿ ಬಿಟ್ಟು ಬಂದವರು. ಶ್ಲೆಸಿಂಗರ್ ಅವರ ಪರೀಕ್ಷಾ ಪುಸ್ತಕವನ್ನು ಪರಿಷ್ಕರಿಸಿ ಮುಂದಿನ ತಲೆಮಾರಿಗೆ ದಾಟಿಸಿದವರು. ಇಬ್ಬರೂ ಸೇರಿ ಯಂತ್ರಗಳ ರಚನೆಯ ಬಗ್ಗೆ ಬರೆದ ಪುಸ್ತಕ 1970ರಲ್ಲಿ ಬಂತು. ಮರುವರ್ಷ ಟ್ಲುಸ್ಟಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯಕ್ಕೆ, 1984ರಲ್ಲಿ ಫ್ಲಾರಿಡಾಗೆ ಹೋದರು. 2002ರಲ್ಲಿ ತೀರಿಕೊಳ್ಳುವವರೆಗೂ ಅವರ ಹೆಸರು ಇದೇ ಕ್ಷೇತ್ರದೊಂದಿಗೆ ಬೆಸೆದುಕೊಂಡಿತ್ತು. ಯಾವ ದೇಶಕ್ಕೆ ಹೋದರೂ ಹಿಡಿದ ಪ್ರಶ್ನೆಯನ್ನು ಅವರು ಬಿಡಲಿಲ್ಲ. ಆ ನಿಷ್ಠೆಗೆ ತಲೆಬಾಗಬೇಕು.

ಶಿಷ್ಯರ ಸಾಲು

ಒಬ್ಬ ಪ್ರಾಧ್ಯಾಪಕರ ಕೆಲಸವನ್ನು ಅಳೆಯಲು ಅವರ ಶಿಷ್ಯರನ್ನು ನೋಡಬೇಕು. ಇಸ್ತಾಂಬುಲ್‌ನಲ್ಲಿ ಬಿ.ಇ. ಓದಿದ ಯೂಸುಫ್ ಆಲ್ಟಿಂಟಾಸ್ ಮ್ಯಾಕ್‌ಮಾಸ್ಟರಿನಲ್ಲಿ ಟ್ಲುಸ್ಟಿ ಅವರ ಬಳಿ ಪಿಎಚ್.ಡಿ. ಮಾಡಿದರು. ಬಳಿಕ ವ್ಯಾಂಕೂವರಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ತಮ್ಮ ಪ್ರಯೋಗಾಲಯ ಕಟ್ಟಿದರು. ಅವರು ಮತ್ತು ಅವರ ಶಿಷ್ಯ ಎರ್ಹಾನ್ ಬುದಾಕ್ 1995ರಲ್ಲಿ ಮಿಲ್ಲಿಂಗಿನ ಸ್ಟೆಬಿಲಿಟಿ ಲೋಬನ್ನು ನೇರ ಲೆಕ್ಕದಲ್ಲಿ ಪಡೆಯುವ ವಿಧಾನ ಪ್ರಕಟಿಸಿದರು. ಅದುವರೆಗೆ ಗಂಟೆಗಟ್ಟಲೆ ಸಿಮ್ಯುಲೇಷನ್ ಬೇಕಾಗಿದ್ದ ಲೆಕ್ಕ ಕೂಡಲೇ ಮುಗಿಯುವಂತಾಯಿತು. ಆ ಗಣಿತ ಕಟ್‌ಪ್ರೊ ಎಂಬ ಸಾಫ್ಟ್‌ವೇರ್ ಆಗಿ ವಿಮಾನದ ಭಾಗ ತಯಾರಿಸುವ ಕಾರ್ಖಾನೆಗಳನ್ನು ಹೊಕ್ಕಿತು. ಬುದಾಕ್ ಪ್ರಾಟ್ ಆಂಡ್ ವಿಟ್ನಿಯ ಕೆನಡಾ ಕಂಪನಿಯಲ್ಲಿ ದುಡಿದು, ಆಮೇಲೆ ಇಸ್ತಾಂಬುಲ್‌ನಲ್ಲಿ ಪ್ರಾಧ್ಯಾಪಕರಾದರು.

ಫ್ಲಾರಿಡಾದಲ್ಲಿ ಟ್ಲುಸ್ಟಿ, ಸ್ಕಾಟ್ ಸ್ಮಿತ್ ಮತ್ತು ಡೆಲಿಯೊ 1992ರಲ್ಲಿ ಇನ್ನೊಂದು ದಾರಿ ತೋರಿಸಿದರು. ಯಂತ್ರದ ಬಳಿ ಮೈಕ್ರೊಫೋನ್ ಇಟ್ಟು ಚಾಟರಿನ ಸದ್ದು ಹಿಡಿಯುವುದು, ಆ ಸದ್ದಿನ ಆವರ್ತನದಿಂದಲೇ ಸರಿಯಾದ ಸ್ಪೀಡ್ ಲೆಕ್ಕಹಾಕುವುದು. ವಿಮಾನದ ರೆಕ್ಕೆ ಪಕ್ಕೆಗಳನ್ನು ಒಂದೇ ಅಲ್ಯೂಮಿನಿಯಂ ದಿಮ್ಮಿಯಿಂದ ಕೊರೆದು ತೆಗೆಯುವಾಗ ದಿಮ್ಮಿಯ ಬಹುಪಾಲು ಚಿಪ್ಸ್ ಆಗಿ ಹೋಗುತ್ತದೆ. ಅಲ್ಲಿ ಗೋಡೆಗಳು ಕಾಗದದಷ್ಟು ತೆಳುವಾದಾಗ ಚಾಟರ್ ತಡೆಯದಿದ್ದರೆ ಕೆಲಸವೇ ನಡೆಯುವುದಿಲ್ಲ. ಈ ಸಂಶೋಧನೆಯ ಬೆಲೆ ಅಲ್ಲಿ ತಿಳಿಯುತ್ತದೆ.

ಗಣಿತದ ಕಡೆಯವರಿಗೂ ಇದರಲ್ಲಿ ಪಾಲಿದೆ. ಹಿಂದಿನ ಸುತ್ತಿನ ನೆನಪು ಸಮೀಕರಣದೊಳಕ್ಕೆ ಬಂದರೆ ಅದು ಸಾಮಾನ್ಯ ಅವಕಲ ಸಮೀಕರಣವಾಗಿ ಉಳಿಯುವುದಿಲ್ಲ, ಕಾಲವಿಳಂಬದ ಸಮೀಕರಣವಾಗುತ್ತದೆ. ಬುಡಾಪೆಸ್ಟಿನ ಗಾಬೊರ್ ಸ್ಟೇಪಾನ್ ಮತ್ತು ಅವರ ಶಿಷ್ಯರು ಅದನ್ನು ಬಿಡಿಸುವ ವಿಧಾನಗಳಲ್ಲಿ ಜಗತ್ತಿಗೆ ಗುರುಗಳಾದರು. ಲೇತಿನ ಸದ್ದು ಗಣಿತಕ್ಕೂ ಹೊಸ ಕೆಲಸ ಕೊಟ್ಟಿತು. ಕಾರ್ಖಾನೆಯ ಪ್ರಶ್ನೆ ಎಂದರೆ ಕೀಳು, ಸಿದ್ಧಾಂತ ಎಂದರೆ ಮೇಲು ಎನ್ನುವ ಭೇದ ಇಲ್ಲಿ ನಿಲ್ಲುವುದಿಲ್ಲ. ಪ್ರಯೋಗಗಳೇ ಸಾಕಾಗಿದ್ದರೆ ಟೇಲರ್ ಕಾಲದಲ್ಲೇ ಉತ್ತರ ಸಿಗಬೇಕಿತ್ತು. ಸಮೀಕರಣಗಳೇ ಸಾಕಾಗಿದ್ದರೆ ಯಾವ ಸಮೀಕರಣ ಬರೆಯಬೇಕೆಂಬುದು ಯಾರಿಗೂ ಹೊಳೆಯುತ್ತಿರಲಿಲ್ಲ.

ತುಮಕೂರು ರಸ್ತೆಯ ಮೇಲೆ

ಈ ಕಥೆಗೂ ಬೆಂಗಳೂರಿಗೂ ನೇರ ನಂಟಿದೆ. 1962ರಲ್ಲಿ ಕೇಂದ್ರ ಸರ್ಕಾರ ಇಲ್ಲಿ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆಯನ್ನು ಸ್ಥಾಪಿಸಿದಾಗ ತಾಂತ್ರಿಕ ನೆರವು ಕೊಟ್ಟದ್ದು ಚೆಕೊಸ್ಲೊವಾಕಿಯಾ. ಟ್ಲುಸ್ಟಿ ಆಗಿನ್ನೂ ಆ ದೇಶದಲ್ಲೇ ಇದ್ದರು. ಈಗ ಸಿಎಂಟಿಐ ಎಂದು ಹೆಸರಾಗಿರುವ ಆ ಸಂಸ್ಥೆ ಹೊರತಂದ ಯಂತ್ರೋಪಕರಣ ವಿನ್ಯಾಸದ ಕೈಪಿಡಿ, ದೇಶದ ಮಷೀನ್ ಟೂಲ್ ಡಿಸೈನರುಗಳ ಮೇಜಿನ ಮೇಲೆ ದಶಕಗಳ ಕಾಲ ಇತ್ತು. ಟೋಬಿಯಾಸ್ ಮತ್ತು ಕೋನಿಗ್ಸ್‌ಬರ್ಗರ್ ಇಂಗ್ಲೆಂಡಿನಲ್ಲಿ 1960ರಲ್ಲಿ ಆರಂಭಿಸಿದ ಸಮ್ಮೇಳನದ ಹೆಸರನ್ನೇ ಹೊತ್ತ ಅಖಿಲ ಭಾರತ ಸಮ್ಮೇಳನ 1967ರಲ್ಲಿ ಜಾದವಪುರದಲ್ಲಿ ಶುರುವಾಯಿತು. ಇಂದಿಗೂ ನಮ್ಮ ತಯಾರಿಕಾ ಸಂಶೋಧಕರು ಸೇರುವ ದೊಡ್ಡ ಜಾತ್ರೆ ಅದು.

ಕರ್ನಾಟಕದಲ್ಲಿ ಯಂತ್ರಗಳ ಬೇರು ಇನ್ನೂ ಹಳೆಯದು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಆರಂಭವಾಯಿತು. ಅಲ್ಲಿಂದ ಬಂದ ಲೇತುಗಳ ಮೇಲೆ ಕೈ ಪಳಗಿಸಿಕೊಂಡ ಐಟಿಐ ಹುಡುಗರಿಗೆ ಲೆಕ್ಕವಿಲ್ಲ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ ಎಚ್‌ಎಂಟಿ 1953ರಲ್ಲಿ ಜಾಲಹಳ್ಳಿಗೆ ಬಂತು. ಭಾರತ್ ಫ್ರಿಟ್ಜ್ ವರ್ನರ್ 1961ರಲ್ಲಿ, ಏಸ್ ಡಿಸೈನರ್ಸ್ 1979ರಲ್ಲಿ ಹುಟ್ಟಿದವು. ಇನ್ನು ಪುಸ್ತಕದ ಮಾತು ಬಂದರೆ, ಬೆಂಗಳೂರಿನ ಯುವಿಸಿಇಯಲ್ಲಿ ಪಾಠ ಹೇಳಿದ ಪ್ರೊ. ಕೆ. ಲಿಂಗಯ್ಯನವರ ಡಿಸೈನ್ ಡೇಟಾ ಹ್ಯಾಂಡ್‌ಬುಕ್ ಕಂಕುಳಲ್ಲಿಟ್ಟುಕೊಂಡು ಪರೀಕ್ಷೆಗೆ ಹೋದ ಮೆಕ್ಯಾನಿಕಲ್ ವಿದ್ಯಾರ್ಥಿಗಳು ಈ ನಾಡಿನ ಊರೂರಿನಲ್ಲೂ ಸಿಗುತ್ತಾರೆ. ಸಾವಿರಾರು ಇಂಜಿನಿಯರುಗಳ ಕೈಗೆ ನಂಬಿಕೆಯ ಅಂಕಿ ಕೊಡುವುದೂ ಒಬ್ಬ ಪ್ರಾಧ್ಯಾಪಕರ ದೊಡ್ಡ ಸಾಧನೆಯೇ.

ಯಶವಂತಪುರದಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿ ಮಾದಾವರದವರೆಗೆ ಹೋಗಿ ನೋಡಿ. ಹಿಂದೆ ಭಾರತೀಯ ವಿಜ್ಞಾನ ಸಂಸ್ಥೆ, ತುಸು ಮುಂದೆ ಸಿಎಂಟಿಐ, ಆಮೇಲೆ ಪೀಣ್ಯದ ಸಾವಿರಾರು ಸಣ್ಣ ಶಾಪುಗಳು, ಜಾಲಹಳ್ಳಿ, ಕೊನೆಗೆ ಇಮ್‌ಟೆಕ್ಸ್ ಪ್ರದರ್ಶನ ನಡೆಯುವ ಬಿಐಇಸಿ. ಕಪ್ಪುಹಲಗೆಯೂ ಶಾಪ್‌ಫ್ಲೋರೂ ಇಷ್ಟು ಹತ್ತಿರ ಇರುವ ಊರುಗಳು ಜಗತ್ತಿನಲ್ಲಿ ಕಡಿಮೆ.

ಹೊಸ ಪ್ರಶ್ನೆಗಳೂ ಇಲ್ಲಿವೆ. ಮೆದುವಾದ ತಾಮ್ರ, ಅಲ್ಯೂಮಿನಿಯಂಗಳನ್ನು ಕತ್ತರಿಸುವುದು ಗಟ್ಟಿ ಉಕ್ಕಿಗಿಂತ ಕಷ್ಟ ಎಂದು ಟರ್ನರುಗಳಿಗೆ ಗೊತ್ತು; ಲೋಹ ಅಂಟಂಟಾಗಿ ಟೂಲಿಗೆ ಹತ್ತುತ್ತದೆ. ಏಕೆ? ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಶ್ರೀನಿವಾಸನ್ ಚಂದ್ರಶೇಖರ್ ಅವರ ತಂಡ ಕತ್ತರಿಸುವ ಜಾಗವನ್ನೇ ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದು, ಮೆದು ಲೋಹ ನಯವಾಗಿ ಜಾರದೆ ಮಡಿಕೆ ಮಡಿಕೆಯಾಗಿ ಹರಿಯುತ್ತದೆ ಎಂದು 2015ರಲ್ಲಿ ತೋರಿಸಿತು. ಮೇಲ್ಮೈಗೆ ಸಾಮಾನ್ಯ ಮಾರ್ಕರ್ ಪೆನ್ನಿನ ಶಾಯಿ ಬಳಿದರೆ ಕತ್ತರಿಸುವ ಬಲ ಗಣನೀಯವಾಗಿ ಇಳಿಯುತ್ತದೆ ಎಂಬುದನ್ನೂ 2018ರಲ್ಲಿ ಅದೇ ತಂಡ ಕಂಡುಕೊಂಡಿತು. ಮಡಿಕೆಯ ಹರಿವನ್ನು ತೋರಿಸಿದ ಆ ತಂಡದಲ್ಲಿದ್ದ ಕೌಶಿಕ್ ವಿಶ್ವನಾಥನ್ ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ವಿಭಾಗಕ್ಕೆ ಬಂದರು. ನೂರು ವರ್ಷ ಎಲ್ಲರ ಕಣ್ಣೆದುರಿಗೇ ಇದ್ದದ್ದನ್ನು ಯಾರೋ ಹತ್ತಿರ ಹೋಗಿ ನೋಡಿದರು. ಈ ಕ್ಷೇತ್ರ ಮುಗಿದುಹೋಗಿದೆ ಎನ್ನುವವರಿಗೆ ಇದೇ ಉತ್ತರ.

ಇಲ್ಲಿನ ದಾರಿ, ಇಲ್ಲಿನ ಅಡ್ಡಿ

ಇಂದು ನಮ್ಮ ಹುಡುಗಿಯೊಬ್ಬಳು ಈ ದಾರಿ ಹಿಡಿದಳು ಎಂದುಕೊಳ್ಳೋಣ. ಬಿ.ಇ. ಮುಗಿಸಿ ಗೇಟ್ ಬರೆದರೆ ಎಂ.ಟೆಕ್‌ನಲ್ಲಿ ತಿಂಗಳಿಗೆ 12,400 ರೂಪಾಯಿ. ಪಿಎಚ್.ಡಿ. ಸೇರಿದರೆ 2023ರ ಪರಿಷ್ಕರಣೆಯಂತೆ ಮೊದಲೆರಡು ವರ್ಷ 37,000, ಆಮೇಲೆ 42,000. ಐದಾರು ವರ್ಷದ ಸಂಶೋಧನೆ. ಐಐಟಿಗಳಲ್ಲಿ ಮೊದಲ ದರ್ಜೆಯ ಸಹಾಯಕ ಪ್ರಾಧ್ಯಾಪಕಿಯಾಗಲು ಡಾಕ್ಟರೇಟ್ ನಂತರ ಮೂರು ವರ್ಷದ ಅನುಭವ ಬೇಕು. ಕೆಲಸ ಸಿಗುವಾಗ ವಯಸ್ಸು ಮೂವತ್ತು ದಾಟಿರುತ್ತದೆ. ಜೊತೆಗೆ ಓದಿದವರು ಸಾಫ್ಟ್‌ವೇರ್ ಕಂಪನಿಯಲ್ಲಿ ಮನೆ ಕಟ್ಟಿ ಮುಗಿಸಿರುತ್ತಾರೆ. ಮನೆಯವರ ಒತ್ತಡ ತಡೆದು ಇಲ್ಲಿಯವರೆಗೆ ಬಂದವರಿಗೆ ವಿಷಯದ ಮೇಲೆ ನಿಜವಾದ ಪ್ರೀತಿ ಇರಲೇಬೇಕು.

ಮುಂದಿನ ಅಡ್ಡಿ ಯಂತ್ರದ್ದು. ಕಾಗದ ಪೆನ್ನು ಹಿಡಿದು ಈ ಸಂಶೋಧನೆ ನಡೆಯುವುದಿಲ್ಲ. ಒಂದು ಒಳ್ಳೆಯ ಐದು ಆಕ್ಸಿಸ್ ಮಷೀನಿಂಗ್ ಸೆಂಟರಿನ ಬೆಲೆ ಕೋಟಿ ರೂಪಾಯಿ ದಾಟುತ್ತದೆ. ಕೇಂದ್ರ ಸರ್ಕಾರದ ಸಂಶೋಧನಾ ಮಂಡಳಿಯಾದ ಎಸ್‌ಇಆರ್‌ಬಿ ಹೊಸ ಪ್ರಾಧ್ಯಾಪಕರಿಗೆ ಕೊಡುತ್ತಿದ್ದ ಆರಂಭಿಕ ಅನುದಾನ ಎರಡು ವರ್ಷಕ್ಕೆ 30 ಲಕ್ಷದ ಮಿತಿಯದ್ದು. ಕತ್ತರಿಸುವ ಬಲ ಅಳೆಯುವ ಡೈನಮೊಮೀಟರ್ ಕೊಂಡರೆ ಅದರ ದೊಡ್ಡ ಪಾಲು ಅಲ್ಲಿಗೇ ಮುಗಿಯುತ್ತದೆ. ಖಾಸಗಿ ಕಾಲೇಜಿನಲ್ಲಿದ್ದರೆ ಆ ಹಣವೂ ಸುಲಭವಲ್ಲ. ಯುಜಿಸಿಯ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಪಾಠ. ಅದರ ಮೇಲೆ ಮಾನ್ಯತಾ ಸಮಿತಿಗಳ ಕಡತ, ಪ್ರವೇಶಾತಿಯ ಓಡಾಟ, ಮೌಲ್ಯಮಾಪನ. ಮೆಕ್ಯಾನಿಕಲ್ ಸೀಟುಗಳು ಖಾಲಿ ಬಿದ್ದು ಕಂಪ್ಯೂಟರ್ ಸೈನ್ಸ್ ಸೆಕ್ಷನ್ನುಗಳು ಹೆಚ್ಚುತ್ತಿರುವ ಕಾಲೇಜುಗಳಲ್ಲಿ ವಿಭಾಗವೇ ಉಳಿಯುವುದೋ ಇಲ್ಲವೋ ಎಂಬ ಚಿಂತೆ ಬೇರೆ.

ಇಷ್ಟರ ನಡುವೆ ಬಡ್ತಿಗೆ ಪ್ರಬಂಧಗಳ ಎಣಿಕೆ. ವಿದ್ಯಾಸಂಸ್ಥೆಗಳಿಗೆ ರ‍್ಯಾಂಕ್ ಕೊಡುವ, 2016ರಿಂದ ಬರುತ್ತಿರುವ ಎನ್‌ಐಆರ್‌ಎಫ್ ಪಟ್ಟಿಯಲ್ಲೂ ಸಂಶೋಧನೆಯ ಅಂಕಗಳ ಬಹುಪಾಲು ಪ್ರಕಟಣೆ ಮತ್ತು ಉಲ್ಲೇಖಗಳಿಗೆ. ಪೇಟೆಂಟ್, ಕನ್ಸಲ್ಟೆನ್ಸಿಗಳ ತೂಕ ಕಡಿಮೆ. ಹಾಗಾದಾಗ ಏನಾಗುತ್ತದೆ ಎಂದು ಈ ಕ್ಷೇತ್ರದಲ್ಲಿರುವ ಎಲ್ಲರಿಗೂ ಗೊತ್ತು. ತಗುಚಿ ವಿಧಾನದಲ್ಲಿ ಒಂಬತ್ತೋ ಇಪ್ಪತ್ತೇಳೋ ಪ್ರಯೋಗ, ಸ್ಪೀಡ್-ಫೀಡ್-ಆಳಗಳ ಒಂದು ಕೋಷ್ಟಕ, ಮೇಲ್ಮೈ ನಯದ ಅತ್ಯುತ್ತಮ ಅಂಕಿ, ಪ್ರಬಂಧ ಸಿದ್ಧ. ಲೋಹ ಬದಲಿಸಿ ಇನ್ನೊಂದು. ಆ ಅಂಕಿ ಆ ಯಂತ್ರದ ಆಚೆ ಯಾರಿಗೂ ಉಪಯೋಗವಿಲ್ಲ. ಟೇಲರ್ ಕಾಲದ ಗೋಡೆಗೇ ನಾವು ಮತ್ತೆ ಹೋಗಿ ನಿಂತಂತಾಯಿತು: ಕೋಷ್ಟಕ ಬೆಳೆಯುತ್ತದೆ, ಕಾರಣ ಕಾಣುವುದಿಲ್ಲ. ಇದನ್ನು ಮಾಡುವವರು ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಬೇರೆ ಬಗೆಯಲ್ಲಿ ದುಡಿದರೆ ಬಡ್ತಿ ಸಿಗದು ಎಂದು ವ್ಯವಸ್ಥೆ ಅವರಿಗೆ ಕಲಿಸಿದೆ. ನನಗೆ ನೋವಾಗುವುದು ಅಲ್ಲಿ.

ಏನು ಮಾಡಬಹುದು

ದಾರಿಗಳು ಇಲ್ಲದೆ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉದ್ಯಮದಲ್ಲಿದ್ದುಕೊಂಡೇ ಪಿಎಚ್.ಡಿ. ಮಾಡುವ ಬಾಹ್ಯ ನೋಂದಣಿಯ ವ್ಯವಸ್ಥೆ ಇದೆ. ಮದ್ರಾಸ್ ಐಐಟಿಯ ಸುಧಾರಿತ ತಯಾರಿಕಾ ತಂತ್ರಜ್ಞಾನ ಕೇಂದ್ರದಲ್ಲಿ ಮಷೀನ್ ಟೂಲ್ ಕಂಪನಿಗಳು ತಮ್ಮ ಪಾಲಿನ ಹಣ ಹಾಕಿ, ಸರ್ಕಾರದ ಅನುದಾನದ ಜೊತೆ, ತಮಗೆ ಬೇಕಾದ ಯಂತ್ರಗಳನ್ನೇ ಪ್ರಾಧ್ಯಾಪಕರೊಂದಿಗೆ ರೂಪಿಸಿವೆ. ಕಂಪನಿ ತನ್ನ ಜೇಬಿನಿಂದ ಹಣ ಹಾಕಿದರೆ ಪ್ರಶ್ನೆ ತಾನಾಗಿಯೇ ನಿಜವಾಗುತ್ತದೆ. ಇಂಥದ್ದು ಪೀಣ್ಯಕ್ಕೂ, ಹುಬ್ಬಳ್ಳಿ, ಬೆಳಗಾವಿಯ ಫೌಂಡ್ರಿ ಮತ್ತು ಮಷೀನ್ ಶಾಪುಗಳಿಗೂ ಹತ್ತಿರದ ಕಾಲೇಜುಗಳ ಮೂಲಕ ಸಿಗಬೇಕು. ದುಬಾರಿ ಯಂತ್ರ ಪ್ರತಿ ಕಾಲೇಜಿಗೂ ಬೇಕಿಲ್ಲ. ಒಂದು ಜಿಲ್ಲೆಗೆ ಒಂದು ಒಳ್ಳೆಯ ಸಾಮಾನ್ಯ ಪ್ರಯೋಗಾಲಯ, ಅದಕ್ಕೊಬ್ಬ ಒಳ್ಳೆಯ ಟೆಕ್ನಿಷಿಯನ್ ಇದ್ದರೆ ಹತ್ತಾರು ಕಾಲೇಜುಗಳಿಗೆ ಆದೀತು.

ಇನ್ನು ಈ ದಾರಿ ಹಿಡಿಯುವ ಹುಡುಗ ಹುಡುಗಿಯರಿಗೆ ಎರಡು ಮಾತು. ಗೈಡ್ ಆರಿಸಿಕೊಳ್ಳುವ ಮುನ್ನ ಅವರ ಪ್ರಬಂಧಗಳ ಪಟ್ಟಿ ನೋಡಿ, ಆಮೇಲೆ ಅವರ ಪ್ರಯೋಗಾಲಯಕ್ಕೆ ಹೋಗಿ ನೋಡಿ. ಅಲ್ಲಿ ನೆಲದ ಮೇಲೆ ಚಿಪ್ಸ್ ಬಿದ್ದಿವೆಯೇ, ಕೂಲೆಂಟ್ ವಾಸನೆ ಇದೆಯೇ, ಶಿಷ್ಯರು ಯಂತ್ರದ ಬಳಿ ಇದ್ದಾರೆಯೇ? ಜೊತೆಗೆ ಗಣಿತ ಬಿಡಬೇಡಿ. ಕಂಪನಶಾಸ್ತ್ರ, ಸಿಗ್ನಲ್ ಪ್ರೊಸೆಸಿಂಗ್, ಲೋಹಶಾಸ್ತ್ರ ಮೂರನ್ನೂ ಗಟ್ಟಿಯಾಗಿ ಕಲಿಯಿರಿ. ಮತ್ತೆ ಟರ್ನರ್, ಫಿಟ್ಟರುಗಳ ಜೊತೆ ಮಾತಾಡಿ. ಅವರಿಗೆ ಗೊತ್ತಿರುವುದರಲ್ಲಿ ಎಷ್ಟೋ ಇನ್ನೂ ಯಾವ ಜರ್ನಲ್ಲಿಗೂ ಬಂದಿಲ್ಲ. ಅವರ ಭಾಷೆಯಲ್ಲೇ ಅವರನ್ನು ಕೇಳಬಲ್ಲ ಕನ್ನಡದ ಸಂಶೋಧಕರಿಗೆ ಅದು ದೊಡ್ಡ ಆಸ್ತಿ.

ಸಂಸ್ಥೆಗಳಿಗೂ ಒಂದು ಬೇಡಿಕೆ. ಆರು ವರ್ಷ ಪಾಠ ಹೇಳಿದ ಮೆಕ್ಯಾನಿಕಲ್ ಅಧ್ಯಾಪಕರನ್ನು ಒಂದು ವರ್ಷ ಸಂಬಳ ಸಹಿತ ಕಾರ್ಖಾನೆಗೆ ಕಳುಹಿಸಿ, ಆ ವರ್ಷವನ್ನು ಸೇವೆಯೆಂದೇ ಲೆಕ್ಕಕ್ಕೆ ಹಿಡಿಯಿರಿ. ಬಡ್ತಿಯ ಅರ್ಜಿಯಲ್ಲಿ ಪ್ರಬಂಧಗಳ ಸಂಖ್ಯೆ ಕೇಳುವ ಕಾಲಂ ಪಕ್ಕದಲ್ಲಿ ಇನ್ನೊಂದು ಕಾಲಂ ತೆರೆಯಿರಿ: ಯಾವ ಶಾಪಿನ ಯಾವ ಸಮಸ್ಯೆ ಬಿಡಿಸಿದಿರಿ, ಅದರಿಂದ ಅಲ್ಲಿ ಏನು ಬದಲಾಯಿತು, ಆ ಶಾಪಿನವರು ಅದನ್ನು ದೃಢಪಡಿಸುತ್ತಾರೆಯೇ? ಆ ಕಾಲಂಗೂ ಪ್ರಬಂಧಗಳಷ್ಟೇ ಅಂಕ ಕೊಡಿ. ಇದಕ್ಕೆ ಹೊಸ ಕಟ್ಟಡವಾಗಲಿ ಹೊಸ ಕಾಯ್ದೆಯಾಗಲಿ ಬೇಡ. ಒಂದು ಅಕಾಡೆಮಿಕ್ ಕೌನ್ಸಿಲ್ ಸಭೆ ಮನಸ್ಸು ಮಾಡಿದರೆ ಬರುವ ಶೈಕ್ಷಣಿಕ ವರ್ಷದಿಂದಲೇ ಜಾರಿಗೆ ತರಬಹುದು.